ಅಡ್ವಾನ್ಸ್ ಹಣ ಮತ್ತು ಮುಂದಿನ ಮನೆ: ಶೆಟ್ಟಿಹಳ್ಳಿ ಸುತ್ತಿನ ಬಾಡಿಗೆ ವಸತಿಯಲ್ಲಿ ತೆರವಿನ ಪರಿಣಾಮ

ಮನೆ ಖಾಲಿ ಮಾಡಬೇಕಾಗಿ ಬಂದ ಬಾಡಿಗೆದಾರರಿಗೆ ಮುಂದಿನ ಮನೆ ಸಿಗುವುದು ಏಕೆ ಕಷ್ಟ ಎಂಬ ಪ್ರಶ್ನೆಗೆ ಇಂದು ಹೆಚ್ಚು ಉಲ್ಲೇಖವಾಗುವ ವಿವರಣೆ ಅಮೆರಿಕದ ಸಮಾಜಶಾಸ್ತ್ರಜ್ಞ ಮ್ಯಾಥ್ಯೂ ಡೆಸ್ಮಂಡ್ ಅವರದು. ಮಿಲ್ವಾಕೀ ನಗರವನ್ನು ಕುರಿತ ‘ಎವಿಕ್ಟೆಡ್’ (2016) ಕೃತಿಯ ಪ್ರಕಾರ ನ್ಯಾಯಾಲಯದ ತೆರವು ದಾಖಲೆ ಬಾಡಿಗೆದಾರರ ಬೆನ್ನು ಬಿಡುವುದಿಲ್ಲ. ಮುಂದಿನ ಮಾಲೀಕರು ಅದನ್ನು ನೋಡಿ ಮನೆ ಕೊಡಲು ಹಿಂಜರಿಯುತ್ತಾರೆ. ಕುಟುಂಬ ಇನ್ನೂ ಕಳಪೆ ಮನೆಗೆ, ಇನ್ನೂ ಬಡ ಕೇರಿಗೆ ಹೋಗಬೇಕಾಗುತ್ತದೆ. ಪರಿಣಾಮದ ಮಟ್ಟಿಗೆ ಈ ಚಿತ್ರ ಬೆಂಗಳೂರಿಗೂ ಒಪ್ಪುತ್ತದೆ. ಕಾರಣದ ಮಟ್ಟಿಗೆ ಒಪ್ಪುವುದೇ ಎಂಬುದು ಇಲ್ಲಿನ ಚರ್ಚೆ.

ಬೆಂಗಳೂರಿನ ದಾಸರಹಳ್ಳಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ ಶೆಟ್ಟಿಹಳ್ಳಿ, ಪೀಣ್ಯ ಮತ್ತು ಜಾಲಹಳ್ಳಿಯ ಕಾರ್ಖಾನೆಗಳಿಗೆ ಹತ್ತಿರದ ಬಡಾವಣೆ. ಇಂಥ ಕಡೆ ಮಾಲೀಕರು ಕೆಳಗೆ ವಾಸವಿದ್ದು ಮೇಲಿನ ಮಹಡಿಗಳನ್ನು ಬಾಡಿಗೆಗೆ ಕೊಡುವುದು ಸಾಮಾನ್ಯ. ಕಾನೂನಿನ ಚೌಕಟ್ಟಿನ ಬಗ್ಗೆ ಹೆಚ್ಚು ವಿವಾದವಿಲ್ಲ. 1999ರ ಕರ್ನಾಟಕ ಬಾಡಿಗೆ ಅಧಿನಿಯಮದ ರಕ್ಷಣೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಇಲ್ಲ. ಎಂದರೆ ಇಂದಿನ ಬಹುಪಾಲು ಮನೆಗಳು ಅದರ ಹೊರಗೆ. ಅವುಗಳಿಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ. ಬೇರೆ ಒಪ್ಪಂದವಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನದ ನೋಟಿಸು ಸಾಕು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ಕರಾರು ಪತ್ರಗಳು ಹನ್ನೊಂದು ತಿಂಗಳಿಗೇ ನಿಲ್ಲುತ್ತವೆ.

ಹೀಗಾಗಿ ತೆರವು ಕೋರ್ಟು ಮುಟ್ಟುವುದು ಅಪರೂಪ. ‘ಮಗಳ ಮದುವೆ, ಮನೆ ನಮಗೇ ಬೇಕು’ ಎಂಬ ಒಂದು ಮಾತು, ಇಲ್ಲವೇ ಕರಾರು ಮುಗಿದಾಗ ಬಾಡಿಗೆಯಲ್ಲಿ ದೊಡ್ಡ ಏರಿಕೆ. ಅಷ್ಟಕ್ಕೇ ಕೆಲಸ ಆಗುತ್ತದೆ. ಡೆಸ್ಮಂಡ್ ಅವರೂ ಕೋರ್ಟಿನ ಹೊರಗಿನ ತೆರವುಗಳನ್ನು ಗಮನಿಸಿದ್ದಾರೆ, ಮಿಲ್ವಾಕೀಯಲ್ಲಿ ಅವೇ ಹೆಚ್ಚೆಂದೂ ತೋರಿಸಿದ್ದಾರೆ. ಆದರೆ ಅಂಥ ತೆರವಿನ ನಂತರ ಮುಂದಿನ ಮನೆಯ ದಾರಿಯನ್ನು ತಡೆಯುವುದೇನು ಎಂಬುದಕ್ಕೆ ದಾಖಲೆಯ ವಾದ ಉತ್ತರವಾಗದು. ಬೆಂಗಳೂರಿನ ಬ್ರೋಕರ್ ಕೇಳುವುದು ಊರು ಯಾವುದು, ಕೆಲಸ ಎಲ್ಲಿ, ಮನೆಯಲ್ಲಿ ಎಷ್ಟು ಜನ, ವೆಜ್ಜೋ ನಾನ್‌ವೆಜ್ಜೋ ಎಂದು. ಹಳೆಯ ವ್ಯಾಜ್ಯದ ಸುದ್ದಿ ಆ ಪಟ್ಟಿಯಲ್ಲಿಲ್ಲ. ಬಾಡಿಗೆದಾರರು ಮನೆಯಲ್ಲಿ ಬಿಟ್ಟುಹೋಗುವ ಸರ್ಕಾರಿ ಗುರುತು ಏನಾದರೂ ಇದ್ದರೆ ಅದು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಜೋಡಿಸಿದ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆ; ಅದನ್ನೂ ಡಿ-ಲಿಂಕ್ ಮಾಡಬಹುದು.

ತಡೆಯುವುದು ಅಡ್ವಾನ್ಸ್ ಹಣ ಎಂಬುದು ಈ ಲೇಖನದ ವಾದ. ಅಡ್ವಾನ್ಸ್‌ನ ಮೊತ್ತಕ್ಕಿಂತಲೂ ಅದು ಕೈಗೆ ಮರಳುವ ಹೊತ್ತು ಇಲ್ಲಿ ಮುಖ್ಯ. ನಗರದಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಪಡೆಯುವ ರೂಢಿ ಹಳೆಯದು. ಈಚೆಗೆ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಹಳೆಯ ರೂಢಿಯಂತೆಯೇ ಲೆಕ್ಕ ಹಾಕಿದರೆ, 10,000 ರೂಪಾಯಿ ಬಾಡಿಗೆಯ ಮನೆಯಲ್ಲಿ ಒಂದು ಲಕ್ಷ ನಿಂತಿರುತ್ತದೆ. ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಕಳೆದು 90,000 ಬರಬೇಕು. ಹೊಸ ಮನೆ 12,000ದ್ದಾದರೆ ಅಡ್ವಾನ್ಸ್ 1,20,000, ಮೊದಲ ತಿಂಗಳ ಬಾಡಿಗೆ 12,000, ಬ್ರೋಕರ್‌ಗೆ ಇನ್ನೊಂದು 12,000: ಒಟ್ಟು 1,44,000. ಇದು ಕೀಲಿಕೈ ಸಿಗುವ ಮೊದಲೇ ಬೇಕು. ಹಳೆಯ 90,000 ಮಾತ್ರ ಸಾಮಾನು ಇಳಿಸಿ, ಕೀ ಒಪ್ಪಿಸಿದ ಮೇಲೆ. ಕೆಲವೊಮ್ಮೆ ಆ ಮನೆಗೆ ಹೊಸಬರು ಬಂದು ಅವರ ಅಡ್ವಾನ್ಸ್ ಕಟ್ಟಿದ ಮೇಲೆ. ನಡುವಿನ ದಿನಗಳಿಗೆ ಕೈಸಾಲ, ಚೀಟಿ ಹಣ, ಅಡವಿಟ್ಟ ಒಡವೆ ಆಸರೆ. ಅದೂ ಸಾಲದಾದರೆ ಕುಟುಂಬ ಅಡ್ವಾನ್ಸ್ ಕಡಿಮೆ ಇರುವ ಶೀಟ್ ಮನೆಗೋ, ಕೆಲಸದ ಜಾಗದಿಂದ ಇನ್ನೂ ದೂರಕ್ಕೋ ಹೋಗುತ್ತದೆ.

ಈ ವಾದಕ್ಕೆ ಮಿತಿಗಳಿವೆ. ತಾವಾಗಿಯೇ ಮನೆ ಬದಲಿಸುವವರಿಗೂ ಇದೇ ಅಂತರ ಎದುರಾಗುತ್ತದೆ; ಆದರೆ ಅವರಿಗೆ ಹೊತ್ತು ನೋಡಿ ಹೊರಡುವ ಅವಕಾಶ ಇರುತ್ತದೆ, ಹದಿನೈದು ದಿನದ ನೋಟಿಸು ಕಸಿಯುವುದು ಅದನ್ನೇ. ಎರಡನೆಯದು ಹೆಚ್ಚು ಗಂಭೀರ. ಸುಖದೇವ್ ಥೋರಟ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ದೆಹಲಿ ರಾಜಧಾನಿ ಪ್ರದೇಶದಲ್ಲಿ ದಲಿತರಿಗೂ ಮುಸ್ಲಿಮರಿಗೂ ಬಾಡಿಗೆ ಮನೆ ನಿರಾಕರಿಸುವುದನ್ನು ತೋರಿಸಿತು. ಬೆಂಗಳೂರಿನ ಬ್ರೋಕರ್ ಕೇಳುವ ಪ್ರಶ್ನೆಗಳೂ ಅದೇ ದಿಕ್ಕಿನವು. ಹಣ ಕೈಯಲ್ಲಿದ್ದರೂ ಮನೆ ಸಿಗದವರ ವಿಷಯದಲ್ಲಿ ಅಡ್ವಾನ್ಸ್‌ನ ವಾದ ಅರ್ಧ ಸತ್ಯ ಮಾತ್ರ. ಅವರು ಹುಡುಕುವ ದಿನಗಳು ಹೆಚ್ಚಾದಷ್ಟೂ ಸಾಲದ ದಿನಗಳೂ ಹೆಚ್ಚುತ್ತವೆ ಎಂಬಷ್ಟರ ಮಟ್ಟಿಗೆ ಎರಡೂ ಕಾರಣಗಳು ಒಂದನ್ನೊಂದು ಬೆಳೆಸುತ್ತವೆ.

ಭೋಗ್ಯದ ಮನೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ಅಲ್ಲಿ ತಿಂಗಳ ಬಾಡಿಗೆ ಇಲ್ಲ. ಹಲವು ಲಕ್ಷ ಒಟ್ಟಿಗೆ ಮಾಲೀಕರ ಕೈ ಸೇರುತ್ತದೆ. ಮಾಲೀಕರು ಬ್ಯಾಂಕ್ ಸಾಲ ಕಟ್ಟದಿದ್ದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ನೋಂದಣಿಯಾಗದ ಬಾಡಿಗೆ ಹಕ್ಕಿಗೆ ಇಂಥ ಸಂದರ್ಭದಲ್ಲಿ ಹೆಚ್ಚು ಬಲವಿಲ್ಲ ಎಂಬುದು ಬಜರಂಗ್ ಶ್ಯಾಮಸುಂದರ್ ಅಗರ್‌ವಾಲ್ ಪ್ರಕರಣದಲ್ಲಿ (2019) ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದ ಸ್ಪಷ್ಟ. ಮನೆಯೂ ಹೋಗಿ, ಮುಂದಿನ ಮನೆಗೆ ಬೇಕಾದ ಹಣವೂ ಸಿಕ್ಕಿಹಾಕಿಕೊಳ್ಳುತ್ತದೆ.

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಮಿತಿ ಹಾಕುತ್ತದೆ, ಖಾಲಿ ಮನೆ ವಶಕ್ಕೆ ಪಡೆದ ದಿನವೇ ಅದನ್ನು ಮರಳಿಸಬೇಕೆನ್ನುತ್ತದೆ. ಮೊತ್ತ ಮತ್ತು ಹೊತ್ತು ಎರಡನ್ನೂ ಮುಟ್ಟುವ ನಿಯಮ ಇದು. ಆದರೆ ರಾಜ್ಯಗಳು ಕಾನೂನು ಮಾಡಿಕೊಂಡರೆ ಮಾತ್ರ ಜಾರಿ. ಅಡ್ವಾನ್ಸ್ ಇಳಿದರೆ ಬಾಡಿಗೆ ಏರುವುದೇ, ಬಾಡಿಗೆಗೆ ಬದಲಾಗಿ ನಿಲ್ಲುವ ಭೋಗ್ಯದ ಹಣವನ್ನು ಅಡ್ವಾನ್ಸ್ ಎಂದು ಪರಿಗಣಿಸಬಹುದೇ ಎಂಬ ಪ್ರಶ್ನೆಗಳು ಇನ್ನೂ ಇತ್ಯರ್ಥವಾಗಬೇಕಿವೆ.