ಕೊಡಗಿನ ಕಾಫಿ ತೋಟದ ಮೇಸ್ತ್ರಿ, ರೈಟರ್ ಮತ್ತು ದೊರೆ

ಹತ್ತಾರು ಜನರ ದುಡಿಮೆಯನ್ನು ಒಬ್ಬರು ಮುಂದೆ ನಿಂತು ನಡೆಸುವ ರೂಢಿ ಕೊಡಗಿನಲ್ಲಿ ಕಾಫಿ ತೋಟಗಳಿಗಿಂತ ಹಳೆಯದು. ಕೊಡವರ ಒಕ್ಕಕ್ಕೆ, ಅಂದರೆ ಕೂಡುಕುಟುಂಬಕ್ಕೆ, ಪಟ್ಟೆದಾರನೆಂಬ ಹಿರಿಯ, ಊರಿಗೂ ನಾಡಿಗೂ ತಕ್ಕರೆಂಬ ಮುಖಂಡರು ಇದ್ದರು. ಒಕ್ಕಕ್ಕೆ ಪರಂಪರೆಯಿಂದ ಬಂದ ಜಮ್ಮ ಭೂಮಿ ಪಾಲಾಗದಂತೆ ಕಾಪಾಡುವುದೂ ಗದ್ದೆಯ ಕೆಲಸ ಹಂಚುವುದೂ ಪಟ್ಟೆದಾರನ ಹೊಣೆಯಾಗಿತ್ತು. ಅವನ ಅಧಿಕಾರ ವಯಸ್ಸಿನಿಂದ ಬರುತ್ತಿತ್ತು.

1834ರಲ್ಲಿ ಕೊಡಗು ಕಂಪನಿ ಸರ್ಕಾರದ ಕೈಸೇರಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ತೋಟ ತೆರೆದ ಮೇಲೆ ಬೇರೊಂದು ಬಗೆಯ ಆಡಳಿತ ಬಂದಿತು. ತೋಟದ ಮೇಲ್ತುದಿಯಲ್ಲಿ ದೊರೆ ಎನಿಸಿಕೊಂಡ ಬೆಳೆಗಾರ, ಲೆಕ್ಕಕ್ಕೆ ರೈಟರ್, ಆಳುಗಳ ನಡುವೆ ಮೇಸ್ತ್ರಿ.

ತೋಟ ನಿಂತದ್ದು ಮೇಸ್ತ್ರಿಯ ಮೇಲೆ. ಕೊಡಗಿನಲ್ಲಿ ಸಾಕಷ್ಟು ಆಳುಗಳು ಸಿಗುತ್ತಿರಲಿಲ್ಲ. ಆತ ತೋಟದಿಂದ ಮುಂಗಡ ಹಣ ಪಡೆದು ಮೈಸೂರು ಸೀಮೆಗೋ ಕರಾವಳಿಗೋ ಹೋಗಿ, ಅದನ್ನು ಬಡ ಕುಟುಂಬಗಳಿಗೆ ಹಂಚಿ, ಆಳುಗಳನ್ನು ಕರೆತರುತ್ತಿದ್ದ. ಅವರ ದುಡಿಮೆಯ ಮೇಲೆ ಅವನಿಗೆ ಕಮಿಷನ್ ಸಿಗುತ್ತಿತ್ತು. ಬೆಳಿಗ್ಗೆ ಹಾಜರಿಗೆ ನಿಲ್ಲಿಸುವುದು, ಕಳೆ ಕೀಳಲು, ಗಿಡ ಸವರಲು, ಹಣ್ಣು ಕೊಯ್ಯಲು ಜನ ಹಂಚುವುದು, ಆಳುಗಳು ವಾಸಿಸುವ ಲೈನ್ ಮನೆಯ ಜಗಳ ಬಿಡಿಸುವುದು, ದೊರೆಯ ಮಾತನ್ನು ಆಳಿಗೂ ಆಳಿನ ಕಷ್ಟವನ್ನು ದೊರೆಗೂ ಮುಟ್ಟಿಸುವುದು ಎಲ್ಲವೂ ಅವನ ಪಾಲಿಗೆ ಬಂದವು. ಯಾವ ಶಾಲೆಯೂ ಕಲಿಸದ ಈ ಜಾಣ್ಮೆಗೆ ಸಲ್ಲಬೇಕಾದ ಮನ್ನಣೆ ಇಂದಿಗೂ ಸಂದಿಲ್ಲ. ಆದರೆ ಅದರ ಬುಡದಲ್ಲಿ ಸಾಲವಿತ್ತು. ಮುಂಗಡ ಪಡೆದು ಕೆಲಸ ಬಿಟ್ಟವರನ್ನು 1859ರ ಕಾಯ್ದೆಯಡಿ ನ್ಯಾಯಾಲಯಕ್ಕೆ ಎಳೆಯಬಹುದಿತ್ತು. ಆಳು ಮೇಸ್ತ್ರಿಯ ಮಾತು ಕೇಳುತ್ತಿದ್ದುದರಲ್ಲಿ ವಿಶ್ವಾಸ ಎಷ್ಟು, ಭಯ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆ ಕಾಯ್ದೆ 1925ರಲ್ಲಿ ರದ್ದಾಯಿತಾದರೂ ಮುಂಗಡದ ಹಿಡಿತ ಅಷ್ಟು ಬೇಗ ಸಡಿಲಲಿಲ್ಲ.

ಬೋರರ್ ಹುಳು, ಎಲೆ ತುಕ್ಕು ರೋಗಗಳಿಂದ 19ನೇ ಶತಮಾನದಲ್ಲೇ ಹಲವು ತೋಟಗಳು ಹಾಳಾದವು. ಉಳಿದ ಬೆಳೆಗಾರರು ನೆರಳು, ಗೊಬ್ಬರ, ಖರ್ಚು ಎಲ್ಲಕ್ಕೂ ಲೆಕ್ಕ ಇಡುವುದನ್ನು ಕಲಿತರು. 1893ರಲ್ಲಿ ದಕ್ಷಿಣ ಭಾರತದ ಬೆಳೆಗಾರರ ಒಕ್ಕೂಟ ಉಪಾಸಿ ಹುಟ್ಟಿತು. 1943ರಲ್ಲಿ ರೂಪುಗೊಂಡ ಕನ್ಸಾಲಿಡೇಟೆಡ್ ಕಾಫಿ ಎಸ್ಟೇಟ್ಸ್ ಪಾಲಿಬೆಟ್ಟವನ್ನು ಕೇಂದ್ರ ಮಾಡಿಕೊಂಡು ಹಲವು ತೋಟಗಳನ್ನು ಒಂದೇ ಆಡಳಿತದಡಿ ತಂದಿತು.

ದೊಡ್ಡ ತಿರುವು ಬಂದದ್ದು 1951ರ ತೋಟ ಕಾರ್ಮಿಕರ ಕಾಯ್ದೆಯಿಂದ. ವಸತಿ, ವೈದ್ಯಕೀಯ ನೆರವು, ಶಿಶುವಿಹಾರ, ವಾರದ ರಜೆ ಮಾಲೀಕರ ಕರ್ತವ್ಯವಾದವು. 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ಕಲ್ಯಾಣಾಧಿಕಾರಿ ಇರಬೇಕಾಯಿತು. ದೊರೆಯ ಮರ್ಜಿಯಲ್ಲಿದ್ದುದು ಹಕ್ಕಾದ ಮೇಲೆ, ಗದರಿಸಿ ಕೆಲಸ ತೆಗೆಯುವವನಿಗಿಂತ ಮಾತಾಡಿ ಒಪ್ಪಿಸುವವನು ಬೇಕಾದ.

1993ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಪ್ಲಾಂಟೇಷನ್ ನಿರ್ವಹಣಾ ಸಂಸ್ಥೆ ಆರಂಭವಾಗಿ, ತೋಟದ ಮ್ಯಾನೇಜರಿಕೆ ತರಗತಿಯ ವಿಷಯವೂ ಆಯಿತು. ಈಗ ಅಸ್ಸಾಮಿನಿಂದ ಬಂದ ಕಾರ್ಮಿಕರೂ ಕೊಡಗಿನ ತೋಟಗಳಲ್ಲಿ ದುಡಿಯುತ್ತಾರೆ. ಭಾಷೆ ತಿಳಿಯದ ಅವರೊಡನೆ ದಿನವಿಡೀ ನಿಲ್ಲುವವನು ಮೇಸ್ತ್ರಿಯೇ. ತರಬೇತಿ ಮ್ಯಾನೇಜರನ ಬಂಗಲೆಯಲ್ಲೇ ನಿಲ್ಲದೆ, ಕನ್ನಡದಲ್ಲಿ ಮೇಸ್ತ್ರಿಯವರೆಗೂ ಇಳಿಯಬೇಕು.