ಸೇವಾ ವಿನ್ಯಾಸ

ಸೇವಾ ವಿನ್ಯಾಸ: ಬ್ಯಾಂಕು, ಆಸ್ಪತ್ರೆ, ಸಾರಿಗೆ, ಸರ್ಕಾರಿ ಕಚೇರಿ ಮುಂತಾದೆಡೆ ಜನರಿಗೆ ದೊರೆಯುವ ಸೇವೆಯನ್ನು ಮೊದಲಿನಿಂದ ಕೊನೆಯವರೆಗೆ ಇಡಿಯಾಗಿ ಪರಿಶೀಲಿಸಿ ರೂಪಿಸುವ ವಿನ್ಯಾಸ ಶಾಖೆ. ಸೇವೆ ಪಡೆಯುವವರ ಅನುಭವದ ಜೊತೆಗೆ ಸಿಬ್ಬಂದಿಯ ಕೆಲಸ, ನಿಯಮ, ಕಡತ, ತಂತ್ರಾಂಶಗಳೂ ಇದರ ವ್ಯಾಪ್ತಿಗೆ ಬರುತ್ತವೆ.

ಬೆಳವಣಿಗೆ: ಅಮೆರಿಕದ ಬ್ಯಾಂಕ್ ಅಧಿಕಾರಿ ಲಿನ್ ಶೋಸ್ಟ್ಯಾಕ್ 1984ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಗೆ ಬರೆದ ಲೇಖನ ಈ ಶಾಖೆಗೆ ಭದ್ರ ತಳಹದಿ ಒದಗಿಸಿತು. ಬೂಟ್ ಪಾಲಿಶ್ ಮಾಡುವ ಕೆಲಸವನ್ನು ಎತ್ತಿಕೊಂಡು, ಅದರ ಪ್ರತಿ ಹಂತವನ್ನೂ ಅದಕ್ಕೆ ಹಿಡಿಯುವ ಸಮಯವನ್ನೂ ಆಕೆ ನಕ್ಷೆಗೆ ಇಳಿಸಿದರು. ಬ್ರಷ್‌ನಿಂದ ಉಜ್ಜುವುದು, ಹಣ ಪಡೆಯುವುದು ಗಿರಾಕಿಗೆ ಕಾಣುವ ಕೆಲಸ. ಸಾಮಗ್ರಿ ಆರಿಸಿ ಕೊಂಡು ತರುವುದು ಕಾಣದ ಕೆಲಸ. ಇವೆರಡರ ನಡುವೆ ಗೆರೆ ಎಳೆದು, ತಪ್ಪು ಬಣ್ಣದ ಪಾಲಿಶ್ ಬಳಿಯುವಂಥ ಎಡವಟ್ಟು ಎಲ್ಲಿ ಆಗಬಹುದೆಂದೂ ಗುರುತಿಸಿದರು. ಇದೇ ಸೇವಾ ನೀಲನಕ್ಷೆ. 1990ರ ದಶಕದಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಈ ಶಾಖೆ ವಿನ್ಯಾಸ ಶಿಕ್ಷಣದ ವಿಷಯವಾಯಿತು. 1995ರಲ್ಲಿ ಬಿರ್ಗಿಟ್ ಮಾಗರ್ ಅಲ್ಲಿ ಈ ವಿಷಯದ ಪ್ರಾಧ್ಯಾಪಕರಾದರು.

ಕಲಿಕೆ: ವಿದ್ಯಾರ್ಥಿ ಮೊದಲು ಸೇವೆ ನಡೆಯುವ ಜಾಗದಲ್ಲೇ ನಿಂತು ನೋಡುತ್ತಾನೆ, ಗಿರಾಕಿ ಹಾಗೂ ಸಿಬ್ಬಂದಿ ಇಬ್ಬರನ್ನೂ ಮಾತನಾಡಿಸುತ್ತಾನೆ. ಅನಂತರ ಗ್ರಾಹಕ ಸಾಗುವ ದಾರಿಯ ಪಟ, ನೀಲನಕ್ಷೆಗಳನ್ನು ರಚಿಸಿ, ಹೊಸ ಕ್ರಮವನ್ನು ರಟ್ಟಿನ ಮಾದರಿ, ಪಾತ್ರಾಭಿನಯಗಳ ಮೂಲಕ ಪರೀಕ್ಷಿಸುತ್ತಾನೆ. ನಡೆಯುತ್ತಿರುವ ಒಂದು ಸೇವೆಯನ್ನು ಕೈಗೆತ್ತಿಕೊಳ್ಳದೆ ಈ ವಿದ್ಯೆ ಕೈಗೂಡುವುದಿಲ್ಲ.

ಮೌಲ್ಯ ನಿರೂಪಣೆ: ವಸ್ತುವಿನ ವಿನ್ಯಾಸ ಕಣ್ಣಿಗೆ ಕಾಣುತ್ತದೆ, ಸೇವೆಯ ಸುಧಾರಣೆ ಕಾಣುವುದಿಲ್ಲ. ಆದ್ದರಿಂದ ಅದರ ಫಲವನ್ನು ಸಂಸ್ಥೆಗೆ ಲೆಕ್ಕ ಹಾಕಿಯೇ ತೋರಿಸಬೇಕಾಗುತ್ತದೆ. ಇದಕ್ಕೆ ಬ್ರಿಟನ್ನಿನ ತುರ್ತು ಚಿಕಿತ್ಸಾ ವಿಭಾಗಗಳ ಯೋಜನೆ ಒಳ್ಳೆಯ ನಿದರ್ಶನ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ದೌರ್ಜನ್ಯದಿಂದ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ವರ್ಷಕ್ಕೆ ಕನಿಷ್ಠ 6.9 ಕೋಟಿ ಪೌಂಡ್ ನಷ್ಟವೆಂದು ಅಂದಾಜಿಸಲಾಗಿತ್ತು. ಡಿಸೈನ್ ಕೌನ್ಸಿಲ್ ಮತ್ತು ಆರೋಗ್ಯ ಇಲಾಖೆ ಪಿಯರ್ಸನ್‌ಲಾಯ್ಡ್ ಎಂಬ ವಿನ್ಯಾಸ ಸಂಸ್ಥೆಗೆ ಈ ದೌರ್ಜನ್ಯವನ್ನು ತಗ್ಗಿಸುವ ಕೆಲಸ ವಹಿಸಿದವು. ಎಷ್ಟು ಹೊತ್ತು ಕಾಯಬೇಕು, ತಡವಾಗಿ ಬಂದವರನ್ನು ಮೊದಲು ಏಕೆ ಕರೆಯುತ್ತಾರೆ ಎಂಬುದು ತಿಳಿಯದೆ ರೋಗಿಗಳ ತಾಳ್ಮೆ ಕೆಡುತ್ತಿತ್ತು. ಹಾಗಾಗಿ ಇದು ಯಾವ ಹಂತ, ಇಲ್ಲಿ ಏನು ನಡೆಯುತ್ತದೆ, ಮುಂದೇನು ಎಂಬುದನ್ನು ತಿಳಿಸುವ ಫಲಕಗಳನ್ನು ವಿಭಾಗದ ಉದ್ದಕ್ಕೂ ಅಳವಡಿಸಲಾಯಿತು. ಸಿಬ್ಬಂದಿ ಘಟನೆಗಳನ್ನು ಚರ್ಚಿಸಿ ಪಾಠ ಕಲಿಯುವ ಏರ್ಪಾಡೂ ಆಯಿತು. 2013ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ ಬೆದರಿಕೆಯ ಹಾವಭಾವ ಮತ್ತು ಆಕ್ರಮಣಕಾರಿ ವರ್ತನೆ ಶೇ. 50ರಷ್ಟು ಇಳಿದವು. ಫಲಕಗಳಿಂದ ಕಾಯುವಾಗಿನ ಬೇಸರ ಕಡಿಮೆಯಾಯಿತೆಂದು ಶೇ. 75ರಷ್ಟು ರೋಗಿಗಳು ಹೇಳಿದರು. ಖರ್ಚಾದ ಪ್ರತಿ ಪೌಂಡಿಗೆ ಮೂರು ಪೌಂಡಿನ ಲಾಭ ದೊರೆಯಿತು.

ಇಂಥ ಲೆಕ್ಕಕ್ಕೆ ಬದಲಾವಣೆಗೆ ಮುಂಚಿನ ಸ್ಥಿತಿಯ ದಾಖಲೆ ಅತ್ಯಗತ್ಯ. ಕಾಯುವ ಅವಧಿ, ಅರ್ಧಕ್ಕೇ ಕೈಬಿಟ್ಟ ಅರ್ಜಿಗಳು, ಒಂದೇ ವಿಷಯಕ್ಕೆ ಮತ್ತೆ ಮತ್ತೆ ಬರುವ ಕರೆ, ದೂರು, ಸಿಬ್ಬಂದಿಯ ಗೈರುಹಾಜರಿ ಇವೇ ಸಾಮಾನ್ಯ ಮಾನದಂಡಗಳು. ಇವನ್ನು ಆರಂಭದಲ್ಲೇ ಬರೆದಿಟ್ಟುಕೊಳ್ಳದಿದ್ದರೆ, ಕೆಲಸ ಎಷ್ಟೇ ಚೆನ್ನಾಗಿದ್ದರೂ ಅದರ ಪ್ರಯೋಜನವನ್ನು ಸಾಬೀತುಪಡಿಸುವುದು ಕಷ್ಟ.