ಸಾಕೆಟ್ಟಿನ ಚರಿತ್ರೆ, ಸಂಸಾರದ ಲೆಕ್ಕ

ದೀಪಾವಳಿಯ ಬೋನಸ್ಸು ಕೈಸೇರುವ ಹೊತ್ತಿಗೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ನಮ್ಮ ಮನೆಗಳಲ್ಲಿ ಈಚೆಗೆ ಒಂದು ಹೊಸ ಚರ್ಚೆ ನಡೆಯುತ್ತದೆ. ಹಿಂದೆ ಫ್ರಿಜ್ಜು ಮೊದಲೋ ವಾಷಿಂಗ್ ಮಶೀನು ಮೊದಲೋ ಎಂದು ಮಾತಾಡುತ್ತಿದ್ದಲ್ಲಿ ಈಗ ಮಗನೋ ಮಗಳೋ ಆಟದ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಬೇಕೆನ್ನುತ್ತಾರೆ. ಯಾವುದು ಎಂದು ಕೇಳಿದರೆ ಉತ್ತರವಾಗಿ ಬರುವುದು ಅಕ್ಷರ, ಅಂಕಿಗಳ ಒಂದು ಸರಮಾಲೆ. ಹಿರಿಯರಿಗೆ ಅದರಲ್ಲಿ ಅರ್ಥವಾಗುವುದು ಬೆಲೆಯೊಂದೇ. ನಮ್ಮ ಬಳಗದ ಡೊಂಬಿವಲಿಯ ಮನೆಯೊಂದರಲ್ಲಿ ಈ ಚರ್ಚೆ ಜಗಳದ ಅಂಚಿಗೆ ಬಂದಾಗ ನಮ್ಮನ್ನು ಪಂಚಾಯಿತಿಗೆ ಕರೆದರು. ಅಂದು ಹೇಳಿದ್ದನ್ನೇ ತುಸು ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಮಾತಿನ ಸಾರ ಇಷ್ಟೆ: ಪ್ರತಿ ತಲೆಮಾರಿನಲ್ಲೂ ಪ್ರೊಸೆಸರನ್ನು ಯಾವುದೋ ಒಂದು ದೊಡ್ಡ ಅಂಕಿ ತೋರಿಸಿ ಮಾರಲಾಗಿದೆ, ಪ್ರತಿ ತಲೆಮಾರಿನಲ್ಲೂ ಆ ಅಂಕಿ ಮೋಸ ಮಾಡಿದೆ.

ಮೊದಲಿಗೆ, ಆಯ್ಕೆ ಎಂಬುದು ಹುಟ್ಟಿದ್ದು ಹೇಗೆಂದು ನೋಡೋಣ. 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರಿಗೆ ಇಂಟೆಲ್ಲಿನ 8088 ಚಿಪ್ಪನ್ನು ಆರಿಸಿತು. ಒಬ್ಬನೇ ಸರಬರಾಜುದಾರನನ್ನು ನಂಬಿ ಕೂರುವುದು ಅದಕ್ಕೆ ಒಪ್ಪಿಗೆಯಿರಲಿಲ್ಲ. ಎರಡನೆಯ ತಯಾರಕನೊಬ್ಬ ಇರಲೇಬೇಕೆಂದಿತು. ಹೀಗೆ 1982ರ ಒಪ್ಪಂದದಂತೆ ಎಎಮ್‌ಡಿ ಅದೇ ಚಿಪ್ಪುಗಳನ್ನು ತಯಾರಿಸುವ ಹಕ್ಕು ಪಡೆಯಿತು. 1985ರಲ್ಲಿ 386 ಬಂದಾಗ ಇಂಟೆಲ್ ಆ ವಿನ್ಯಾಸವನ್ನು ಹಂಚಿಕೊಳ್ಳಲಿಲ್ಲ. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 1991ರಲ್ಲಿ ಎಎಮ್‌ಡಿ ತನ್ನದೇ 386 ಹೊರತಂದಿತು. ಬರಿಯ ಅಂಕಿಯನ್ನು ವ್ಯಾಪಾರಮುದ್ರೆಯಾಗಿ ಕಾಯ್ದಿಡಲಾಗದೆಂದು ಅಮೆರಿಕದ ನ್ಯಾಯಾಲಯ ತೀರ್ಪಿತ್ತದ್ದೂ ಅದೇ ವರ್ಷ. 1993ರಲ್ಲಿ ಬಂದ ಚಿಪ್ಪಿಗೆ 586 ಎಂಬ ಅಂಕಿಯ ಬದಲು ಪೆಂಟಿಯಮ್ ಎಂಬ ಹೆಸರು ಬಂದ ಹಿನ್ನೆಲೆ ಇದು. ಎರಡು ಸಂಸ್ಥೆಗಳ ನಡುವಿನ ರಾಜಿ 1995ರಲ್ಲಿ ಆಯಿತು.

ಆ ಪೆಂಟಿಯಮ್ಮಿನ ಕೆಲಸದಲ್ಲಿ ಮುಂದಾಳಾಗಿದ್ದವರು ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್. ಅವರು ಇಂಟೆಲ್ ಬಿಟ್ಟು ನೆಕ್ಸ್‌ಜೆನ್ ಸೇರಿದರು. ಆ ಸಂಸ್ಥೆಯನ್ನು ಎಎಮ್‌ಡಿ ಕೊಂಡಿತು. ಅಲ್ಲಿನ ವಿನ್ಯಾಸವೇ 1997ರಲ್ಲಿ ಕೆ6 ಆಗಿ ಬಂತು. ಪೆಂಟಿಯಮ್ ಕೂರುತ್ತಿದ್ದ ಸಾಕೆಟ್ 7 ಎಂಬ ಪೀಠದಲ್ಲಿ ಕೆ6 ಕೂಡ ಕೂರುತ್ತಿತ್ತು. ಒಂದೇ ಮದರ್‌ಬೋರ್ಡಿನಲ್ಲಿ ಈ ಸಂಸ್ಥೆಯದನ್ನು ತೆಗೆದು ಆ ಸಂಸ್ಥೆಯದನ್ನು ಇಡಬಹುದಾಗಿದ್ದ ಕಾಲ ಅದು. ಅದೇ ವರ್ಷ ಪೆಂಟಿಯಮ್ 2ರೊಂದಿಗೆ ಇಂಟೆಲ್ ಬೇರೆ ಬಗೆಯ ಸ್ಲಾಟಿಗೆ ಹೋಯಿತು. ಅಂದಿನಿಂದ ಪ್ರೊಸೆಸರನ್ನು ಆರಿಸುವುದೆಂದರೆ ಬೋರ್ಡನ್ನೂ ಆರಿಸುವುದು ಎಂದಾಯಿತು. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ಪಂಚಾಯಿತಿ ತೀರ್ಮಾನವಾದದ್ದು ಇದರಿಂದಲೇ.

ನಮ್ಮ ಊರುಗಳಿಗೆ ಈ ಚರಿತ್ರೆ ಬಂದದ್ದು ಲ್ಯಾಮಿಂಗ್ಟನ್ ರಸ್ತೆಯ ಮೂಲಕ. ಡೊಂಬಿವಲಿಯಿಂದ ದಾದರ್, ಅಲ್ಲಿ ರೈಲು ಬದಲಿಸಿ ಗ್ರ್ಯಾಂಟ್ ರೋಡ್, ಅಲ್ಲಿಂದ ಕಾಲ್ನಡಿಗೆ. ಬಿಡಿಭಾಗ ಕೊಂಡು ಜೋಡಿಸಿಕೊಂಡರೆ ಬ್ರಾಂಡಿನ ಕಂಪ್ಯೂಟರಿಗಿಂತ ಅಗ್ಗವೆಂಬ ಲೆಕ್ಕವೇ ಮಧ್ಯಮವರ್ಗವನ್ನು ಅಲ್ಲಿಗೆ ಕರೆದೊಯ್ಯುತ್ತಿತ್ತು. ಸಂಜೆಯ ಕಲ್ಯಾಣ್ ಲೋಕಲಿನಲ್ಲಿ ಮದರ್‌ಬೋರ್ಡಿನ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ನಿಂತವರು ನಮ್ಮಲ್ಲಿ ಅನೇಕರು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಆಮದು ಸುಂಕ ಹಂತಹಂತವಾಗಿ ಇಳಿಯಿತು. ಆ ಪೆಟ್ಟಿಗೆಗಳ ಸಂಖ್ಯೆಯೂ ಹೆಚ್ಚಿತು.

ಆಗ ಅಂಗಡಿಯವರು ತೋರಿಸುತ್ತಿದ್ದ ಅಂಕಿ ಮೆಗಾಹರ್ಟ್ಸ್. 2000ದ ಮಾರ್ಚಿಯಲ್ಲಿ ಎಎಮ್‌ಡಿಯ ಅಥ್ಲಾನ್ 1 ಗಿಗಾಹರ್ಟ್ಸ್ ಮುಟ್ಟಿತು. ಎರಡೇ ದಿನಗಳಲ್ಲಿ ಇಂಟೆಲ್ ಕೂಡ ಮುಟ್ಟಿತು. ಅದೇ ವರ್ಷದ ಕೊನೆಗೆ ಬಂದ ಪೆಂಟಿಯಮ್ 4 ಈ ಅಂಕಿಯನ್ನೇ ಏರಿಸುವಂತೆ ರೂಪುಗೊಂಡಿತ್ತು. ಆದರೆ ಪ್ರತಿ ಬಡಿತದಲ್ಲಿ ಅದು ಮಾಡುತ್ತಿದ್ದ ಕೆಲಸ ಕಡಿಮೆ, ಉಗುಳುತ್ತಿದ್ದ ಶಾಖ ಹೆಚ್ಚು. 2004ರಲ್ಲಿ 4 ಗಿಗಾಹರ್ಟ್ಸಿನ ಮಾದರಿಯನ್ನು ಇಂಟೆಲ್ ಕೈಬಿಟ್ಟಿತು. 2006ರ ಕೋರ್ 2 ಕಡಿಮೆ ಬಡಿತದಲ್ಲೇ ಹೆಚ್ಚು ಕೆಲಸ ಮಾಡಿ ತೋರಿಸಿತು.

ಬಳಿಕದ ಅಂಕಿ ಕೋರುಗಳದು. 2011ರಲ್ಲಿ ಎಎಮ್‌ಡಿ ಬುಲ್ಡೋಝರ್ ವಿನ್ಯಾಸದ ಎಂಟು ಕೋರಿನ ಚಿಪ್ಪನ್ನು ತಂದಿತು. ಜೋಡಿಜೋಡಿ ಕೋರುಗಳು ದಶಾಂಶ ಲೆಕ್ಕದ ಘಟಕವನ್ನು ಹಂಚಿಕೊಂಡಿದ್ದವು. ಆಟಗಳಲ್ಲಿ ಅದು ಎದುರಾಳಿಯ ನಾಲ್ಕು ಕೋರಿನ ಚಿಪ್ಪಿಗೂ ಹಿಂದೆ ಬಿತ್ತು. ಎಂಟೆಂಬ ಎಣಿಕೆಯನ್ನೇ ಪ್ರಶ್ನಿಸಿದ ಮೊಕದ್ದಮೆ ಅಮೆರಿಕದಲ್ಲಿ ನಡೆದು 2019ರಲ್ಲಿ ಹಣಕೊಟ್ಟು ರಾಜಿಯಾಯಿತು. ಹೆಚ್ಚಿನ ಬಡಿತವಾಗಲಿ ಹೆಚ್ಚಿನ ಕೋರುಗಳಾಗಲಿ ತಾವಾಗಿಯೇ ಹೆಚ್ಚಿನ ಕೆಲಸವಲ್ಲವೆಂದು ಹೀಗೆ ಎರಡು ಸಲ ಸಾಬೀತಾಯಿತು.

ಆಟಕ್ಕೆ ನಿಜವಾಗಿ ಒದಗಿ ಬಂದದ್ದು ಬಹುಕಾಲ ಯಾರೂ ಕೇಳದಿದ್ದ ಇನ್ನೊಂದು ಗುಣ: ಕ್ಯಾಶೆ, ಅಂದರೆ ಚಿಪ್ಪಿನೊಳಗಿನ ಕೈಯಳತೆಯ ಸ್ಮೃತಿ. ಉಡುಪಿ ಹೋಟೆಲಿನ ಅಡುಗೆಮನೆ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಕಾವಲಿಯ ಮುಂದೆ ನಿಂತ ಭಟ್ಟರು ಎಷ್ಟೇ ಚುರುಕಾಗಿರಲಿ, ಪ್ರತಿ ದೋಸೆಗೂ ಪಲ್ಯ ತರಲು ಹುಡುಗ ಉಗ್ರಾಣಕ್ಕೆ ಓಡಬೇಕಾದರೆ ಗಿರಾಕಿ ಕಾಯಲೇಬೇಕು. ಪಲ್ಯದ ಪಾತ್ರೆ ಪಕ್ಕದಲ್ಲೇ ಇದ್ದರೆ ಅದೇ ಭಟ್ಟರ ಕೈಯಿಂದ ಹೆಚ್ಚು ದೋಸೆ. 2022ರ ಏಪ್ರಿಲಿನಲ್ಲಿ ಬಂದ ರೈಝನ್ 7 5800ಎಕ್ಸ್3ಡಿ ಎಂಬ ಚಿಪ್ಪಿನಲ್ಲಿ ಎಎಮ್‌ಡಿ ಈ ಸ್ಮೃತಿಯನ್ನು ಮಹಡಿಯಂತೆ ಮೇಲೆ ಕಟ್ಟಿ 32 ಮೆಗಾಬೈಟನ್ನು 96ಕ್ಕೆ ಏರಿಸಿತು. ಬಡಿತ ತುಸು ಇಳಿಯಿತು, ಆಟ ಏರಿತು. ಆದರೆ ಈಗ ಈ 3ಡಿ ಎಂಬ ಅಕ್ಷರವೇ ಹೊಸ ಮೋಹವಾಗುವ ಸೂಚನೆ ಇದೆ. ಗ್ರಾಫಿಕ್ಸ್ ಕಾರ್ಡು ಹಳೆಯದಾಗಿದ್ದರೆ ಎಂಥ ಪ್ರೊಸೆಸರೂ ಸಿಗ್ನಲ್ಲಿಗೆ ಕಾಯುತ್ತ ನಿಂತ ಫಾಸ್ಟ್ ಲೋಕಲಿನಂತೆಯೇ.

ಇನ್ನು ಸಾಕೆಟ್ಟಿನ ವಿಚಾರ. 2017ರಲ್ಲಿ ಇಂಟೆಲ್ಲಿನ ಎಂಟನೆಯ ಪೀಳಿಗೆ ಬಂದಾಗ ಪೀಠದ ಆಕಾರ ಹಿಂದಿನದೇ ಆಗಿದ್ದರೂ ಹೊಸ ಬೋರ್ಡು ಬೇಕಾಯಿತು. ಅದೇ ವರ್ಷ ರೈಝನ್‌ನೊಂದಿಗೆ ಜನಪ್ರಿಯವಾದ ಎಎಮ್4 ಪೀಠ ಐದು ವರ್ಷಗಳ ಬಳಿಕದ 5800ಎಕ್ಸ್3ಡಿಗೂ ಜಾಗ ಕೊಟ್ಟಿತು. ಇದು ಸಂಸ್ಥೆಯ ಔದಾರ್ಯದಿಂದ ಮಾತ್ರ ಆದದ್ದಲ್ಲ. 2020ರಲ್ಲಿ ಹೊಸ ಚಿಪ್ಪುಗಳಿಗೆ 400 ಸರಣಿಯ ಬೋರ್ಡುಗಳು ಒಗ್ಗವೆಂದು ಎಎಮ್‌ಡಿಯೂ ಮೊದಲು ಹೇಳಿತ್ತು. ಕೊಂಡವರು ಗಟ್ಟಿಯಾಗಿ ಕೇಳಿದ ಮೇಲೆ ಆ ಮಾತನ್ನು ಹಿಂತೆಗೆದುಕೊಂಡಿತು.

ನಮ್ಮ ಊರುಗಳ ಹವೆಯನ್ನೂ ವಿದ್ಯುತ್ತನ್ನೂ ಲೆಕ್ಕಕ್ಕೆ ಹಿಡಿಯದೆ ಆಯ್ಕೆ ಪೂರ್ಣವಾಗದು. ಮುಂಬಯಿ ನಗರ ಬೆಳಗುತ್ತಿದ್ದಾಗ ಕಲ್ಯಾಣ್, ಡೊಂಬಿವಲಿಗಳು ಲೋಡ್‌ಶೆಡ್ಡಿಂಗಿನ ಕತ್ತಲಲ್ಲಿ ಕೂತಿದ್ದ 2005ರ ಆಸುಪಾಸಿನ ವರ್ಷಗಳು ಹಿರಿಯರಿಗೆ ನೆನಪಿವೆ. ಇಂದು ಸ್ಥಿತಿ ಸುಧಾರಿಸಿದೆ. ಮೇ ತಿಂಗಳ ಸೆಕೆ ಮಾತ್ರ ಹಾಗೆಯೇ ಇದೆ. ಇಂಟೆಲ್ಲಿನ ಕೋರ್ ಐ9 14900ಕೆ ಪೂರ್ಣ ಶ್ರಮದಲ್ಲಿ 253 ವ್ಯಾಟ್ ಎಳೆಯುವಂತೆ ನಿಗದಿಯಾದದ್ದು. ರೈಝನ್ 5 5600ರ ಶಾಖದ ಅಳತೆ 65 ವ್ಯಾಟ್. ಈ ಎರಡು ಅಳತೆಗಳು ಒಂದೇ ರೀತಿಯವಲ್ಲ, ಆದರೂ ಅಂತರ ಸ್ಪಷ್ಟ. ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಆ ಬಿಸಿಯನ್ನು ಮನೆಮಂದಿಯೆಲ್ಲ ಹಂಚಿಕೊಳ್ಳಬೇಕು. 2024ರಲ್ಲಿ ಇಂಟೆಲ್ಲಿನ 13, 14ನೆಯ ಪೀಳಿಗೆಯ ದುಬಾರಿ ಚಿಪ್ಪುಗಳೇ ಅತಿಯಾದ ವೋಲ್ಟೇಜಿನಿಂದ ಅಸ್ಥಿರವಾದವು. ಸಂಸ್ಥೆ ತಿದ್ದುಪಡಿ ಹೊರಡಿಸಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ತುದಿಯ ವೇಗಕ್ಕೆ ತೆರುವ ಬೆಲೆ ರೂಪಾಯಿಯಲ್ಲಿ ಮುಗಿಯುವುದಿಲ್ಲ.

ಈ ಚರಿತ್ರೆಯಲ್ಲಿ ನಮ್ಮ ತಾಯ್ನಾಡೂ ಪಾಲುಗೊಂಡಿದೆ. 2008ರಲ್ಲಿ ಬಂದ ಇಂಟೆಲ್ಲಿನ ಆರು ಕೋರಿನ ಝಿಯಾನ್ 7400 ರೂಪುಗೊಂಡದ್ದು ಬೆಂಗಳೂರಿನಲ್ಲಿ; 2023ರಲ್ಲಿ ಎಎಮ್‌ಡಿ ತನ್ನ ಬಹುದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದೂ ಅಲ್ಲೇ. ಅಂಥ ಸರ್ವರುಗಳು ಹಗಲಿರುಳು ದುಡಿಯುವ ದತ್ತಾಂಶ ಕೇಂದ್ರಗಳು ಈಗ ಐರೋಲಿ, ರಬಾಳೆ, ಮಹಾಪೆಗಳಲ್ಲಿ, ಹಿಂದೆ ರಸಾಯನ ಕಾರ್ಖಾನೆಗಳಿಗೆ ಹೆಸರಾಗಿದ್ದ ಥಾಣೆ-ಬೇಲಾಪುರ ಪಟ್ಟಿಯಲ್ಲಿ, ಎದ್ದಿವೆ. ಜಾಲದ ಆಟ ತಡವರಿಸಿದರೆ ದೋಷ ಸಂಪರ್ಕದ್ದೂ ಆಗಿರಬಹುದು. ಪ್ರೊಸೆಸರನ್ನು ಬೈಯುವ ಮೊದಲು ಅದನ್ನೂ ಪರೀಕ್ಷಿಸಬೇಕು.

ಡೊಂಬಿವಲಿಯ ಮನೆಗೆ ಮರಳೋಣ. ಅಲ್ಲಿದ್ದದ್ದು 2018ರ ರೈಝನ್ 5 2600, ಬಿ450 ಬೋರ್ಡು, ಹಳೆಯ ಗ್ರಾಫಿಕ್ಸ್ ಕಾರ್ಡು, 1080 ಗೆರೆಗಳ ಪರದೆ. ಹುಡುಗ ಕೇಳಿದ್ದು ಎಎಮ್5ರ ಹೊಸ ಚಿಪ್ಪು. ಅದಕ್ಕೆ ಹೊಸ ಬೋರ್ಡು, ಡಿಡಿಆರ್5 ಸ್ಮೃತಿ ಎರಡೂ ಬೇಕು. ತಂದೆ ಹೇಳಿದ್ದು ಏನೂ ಬೇಡವೆಂದು. ನಾವು ಹೇಳಿದ್ದು: ಬೋರ್ಡು ಇರಲಿ, ಸ್ಮೃತಿ ಇರಲಿ, ರೈಝನ್ 5 5600 ಕೂರಿಸಿ, ಉಳಿದ ಹಣ ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. ಹುಡುಗ ಎರಡು ದಿನ ಮುಖ ಊದಿಸಿಕೊಂಡ. ಮೂರನೆಯ ದಿನ ತಾನೇ ಪರೀಕ್ಷೆಗಳ ಪಟ್ಟಿ ನೋಡಿ ಒಪ್ಪಿದ.

ಒಂದು ಎಚ್ಚರಿಕೆ ಮಾತ್ರ ಕೊಟ್ಟೆವು. ಹಳೆಯ ಚಿಪ್ಪು ಪೀಠದಲ್ಲಿರುವಾಗಲೇ ಬೋರ್ಡಿನ ಬಯೋಸನ್ನು ನವೀಕರಿಸಬೇಕು. ನಡುವೆ ವಿದ್ಯುತ್ತು ಹೋದರೆ ಬೋರ್ಡೇ ಕೈಬಿಡಬಹುದು. ಹೊರಗೆ ಮಳೆ ಹಿಡಿದಿತ್ತು. ಪಕ್ಕದ ಮನೆಯಿಂದ ಯುಪಿಎಸ್ ತಂದು, ಆ ಐದು ನಿಮಿಷ ತಂದೆ ಮಗ ಇಬ್ಬರೂ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರು. ತೆಗೆದ ಹಳೆಯ ಚಿಪ್ಪು ಈಗ ಕಲ್ಯಾಣಿನ ಸೋದರತ್ತೆಯ ಮಗಳ ಕಂಪ್ಯೂಟರಿನಲ್ಲಿದೆ. ಅವಳದೂ ಎಎಮ್4 ಪೀಠವೇ.